ಎಣಿಕೆ ಸರಿಹೋದರೆ ಸಾಲದು: ಡೇಟಾಬೇಸ್ ಬದಲಿಸಲು ಹೊರಟವರಿಗೆ ಬಹಿರಂಗ ಪತ್ರ

ಮಾನ್ಯರೇ,

ಒರಾಕಲ್ ಡೇಟಾಬೇಸ್ ಬಿಟ್ಟು ಪೋಸ್ಟ್‌ಗ್ರೆಸ್‌ಗೆ ಹೋಗುವ ಕಡತಕ್ಕೆ ನೀವು ಸಹಿ ಹಾಕಿದ್ದೀರಿ. ಒಳ್ಳೆಯ ನಿರ್ಧಾರ. 1986ರಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಬರ್ಕ್ಲಿಯಲ್ಲಿ ಶುರುಮಾಡಿದ ಕೆಲಸ ಇವತ್ತು ದೊಡ್ಡ ದೊಡ್ಡ ಸಂಸ್ಥೆಗಳ ಲೆಕ್ಕ ಹೊರುತ್ತಿದೆ, ಅದಕ್ಕೆ ಲೈಸೆನ್ಸ್ ಶುಲ್ಕವೂ ಇಲ್ಲ. ನನ್ನ ತಕರಾರಿರುವುದು ಇಂಥ ಕಡತಗಳಲ್ಲಿ ತಪ್ಪದೆ ಕಾಣುವ ಒಂದು ಸಾಲಿನ ಬಗ್ಗೆ: ಶನಿವಾರ ರಾತ್ರಿ ಡೇಟಾ ಸಾಗಣೆ, ಸೋಮವಾರ ಬೆಳಗ್ಗೆ ಕೆಲಸ ಆರಂಭ.

ಎರಡೂ ಎಸ್‌ಕ್ಯೂಎಲ್ ತಾನೇ ಎನ್ನುತ್ತೀರಿ. ಹೌದು, ಆದರೆ ಖಾಲಿ ಜಾಗವನ್ನು ಎರಡೂ ಒಂದೇ ಥರ ಓದುವುದಿಲ್ಲ. ಏನೂ ತುಂಬದೆ ಬಿಟ್ಟ ಖಾಲಿ ಸ್ಟ್ರಿಂಗ್ ಅನ್ನು ಒರಾಕಲ್ 'ನಲ್', ಅಂದರೆ ಮೌಲ್ಯವೇ ಇಲ್ಲ, ಎಂದೇ ಇಟ್ಟುಕೊಳ್ಳುತ್ತದೆ. ಪೋಸ್ಟ್‌ಗ್ರೆಸ್‌ಗೆ ಖಾಲಿ ಸ್ಟ್ರಿಂಗ್ ಬೇರೆ, ನಲ್ ಬೇರೆ. ಒಂದು ಪಿಂಚಣಿ ಪಟ್ಟಿಯನ್ನೇ ತೆಗೆದುಕೊಳ್ಳಿ. 'ರದ್ದತಿ ಕಾರಣ' ಕಾಲಂ ನಲ್ ಇರುವವರಿಗೆಲ್ಲ ಹಣ ಕಳಿಸಬೇಕೆಂದು ಕ್ವೆರಿ ಬರೆದಿದೆ ಅನ್ನೋಣ. ಹಳೆಯ ಫಲಾನುಭವಿಗಳ ಸಾಲುಗಳು ನಲ್ ಆಗಿಯೇ ಸಾಗಿ ಬಂದಿವೆ, ಅವರಿಗೆ ಹಣ ಹೋಗುತ್ತದೆ. ಮಂಗಳವಾರ ಹೊಸದಾಗಿ ಸೇರಿದ ಅಜ್ಜಿಯ ಸಾಲಿನಲ್ಲಿ ಅದೇ ಪ್ರೋಗ್ರಾಂ ಖಾಲಿ ಸ್ಟ್ರಿಂಗ್ ಬರೆಯುತ್ತದೆ, ಆಕೆಯ ಹೆಸರು ಪಟ್ಟಿಗೆ ಬರುವುದೇ ಇಲ್ಲ. ಎರರ್ ಇಲ್ಲ, ಲಾಗ್‌ನಲ್ಲಿ ಸುಳಿವಿಲ್ಲ. ಸಾಗಿಸಿದ ಸಾಲುಗಳ ಎಣಿಕೆ ಎರಡೂ ಕಡೆ ತಾಳೆಯಾಗಿ, ನಿಮ್ಮ ಮೇಜಿಗೆ 'ಯಶಸ್ವಿ' ಎಂಬ ವರದಿಯೂ ಬಂದಿರುತ್ತದೆ.

ಹೆಸರು ಜೋಡಿಸುವಲ್ಲಿಯೂ ಇದೇ ಪಾಡು. ಇನಿಷಿಯಲ್ ನಲ್ ಇದ್ದರೆ ಒರಾಕಲ್ ಅದನ್ನು ಬಿಟ್ಟು ಮಿಕ್ಕ ಹೆಸರು ಕೊಡುತ್ತದೆ. ಜೋಡಿಸುವ ಎರಡು ಗೆರೆಗಳ ಚಿಹ್ನೆ (||) ಅದೇ ಆದರೂ ಪೋಸ್ಟ್‌ಗ್ರೆಸ್‌ನಲ್ಲಿ ಇಡೀ ಹೆಸರೇ ನಲ್ ಆಗುತ್ತದೆ. ಇನ್ನು ಒರಾಕಲ್‌ನ 'ಡೇಟ್' ಒಳಗೆ ಗಂಟೆ, ನಿಮಿಷ, ಸೆಕೆಂಡೂ ಇರುತ್ತವೆ, ಪೋಸ್ಟ್‌ಗ್ರೆಸ್‌ನ 'ಡೇಟ್'ನಲ್ಲಿ ದಿನ ಮಾತ್ರ. ಹೆಸರು ಒಂದೇ ಎಂದು ಹೊಂದಿಸಿದರೆ, ಒಂದೇ ದಿನ ಹಣ ಕಟ್ಟಿದ್ದು ಮೊದಲೋ ತೆಗೆದದ್ದು ಮೊದಲೋ ಎಂಬುದು ಅಳಿಸಿಹೋಗುತ್ತದೆ.

ಕನ್ನಡದ ಮಟ್ಟಿಗೆ ಈ ಬದಲಾವಣೆಯಿಂದ ಲಾಭವೂ ಇದೆ, ಅದನ್ನೂ ಹೇಳಬೇಕು. ಒರಾಕಲ್‌ನಲ್ಲಿ ಬೇರೆ ಹೇಳದಿದ್ದರೆ ಕಾಲಂ ಅಗಲವನ್ನು ಬೈಟ್‌ಗಳಲ್ಲಿ ಅಳೆಯುತ್ತಾರೆ. ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. 'ಲಕ್ಷ್ಮೀ' ಎಂಬ ಹೆಸರಿನಲ್ಲಿ ಒತ್ತು, ದೀರ್ಘ ಎಲ್ಲ ಸೇರಿ 7 ಚಿಹ್ನೆ, ಅಂದರೆ 21 ಬೈಟ್. ಅಗಲ 20 ಎಂದಿಟ್ಟ ಕಾಲಂನಲ್ಲಿ ಆಕೆಗೆ ಜಾಗವಿಲ್ಲ. ಪೋಸ್ಟ್‌ಗ್ರೆಸ್ ಚಿಹ್ನೆಗಳನ್ನೇ ಎಣಿಸುವುದರಿಂದ ಅದೇ 20ರಲ್ಲಿ ಸಲೀಸಾಗಿ ಕೂರುತ್ತಾಳೆ.

ಡೇಟಾ ಸಾಗಿದ ಮಾತ್ರಕ್ಕೆ ಕೆಲಸ ಮುಗಿಯದು ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಗ್ರಾಹಕರ ಲೆಕ್ಕವನ್ನು ಹೊಸ ವ್ಯವಸ್ಥೆಗೆ ಸಾಗಿಸಿತು. ಅಲ್ಲಿ ಬದಲಾದದ್ದು ಡೇಟಾಬೇಸ್ ಒಂದೇ ಆಗಿರಲಿಲ್ಲ, ನಿಜ. ಆದರೂ ಡೇಟಾ ಸರಿಯಾಗಿಯೇ ಸಾಗಿತ್ತು, ಕೈಕೊಟ್ಟದ್ದು ಅದನ್ನು ಬಳಸುವ ವ್ಯವಸ್ಥೆ ಎಂಬುದನ್ನು ಗಮನಿಸಿ. ಪರಿಸ್ಥಿತಿ ಸಹಜವಾಗಲು ಡಿಸೆಂಬರ್ ಬಂತು. 2022ರಲ್ಲಿ ನಿಯಂತ್ರಕರು 4.865 ಕೋಟಿ ಪೌಂಡ್ ದಂಡ ಹಾಕಿದರು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಲೈಸೆನ್ಸ್‌ನಲ್ಲಿ ಉಳಿಯುವ ದುಡ್ಡಿನ ಒಂದು ಪಾಲನ್ನು ಟೆಸ್ಟಿಂಗ್‌ಗೆ ಬಿಡಿ. ಒಂದೇ ತಿಂಗಳ ಲೆಕ್ಕವನ್ನು ಎರಡೂ ಕಡೆ ಓಡಿಸಿ, ಬಂದ ಪಟ್ಟಿಗಳನ್ನು ಹೆಸರು ಹೆಸರಾಗಿ ತಾಳೆ ನೋಡಿ. ಹಾಗೆ ನೋಡುವಾಗ ಕೌಂಟರಿನಲ್ಲಿ ಕೂರುವ ಗುಮಾಸ್ತರೂ ಜೊತೆಗಿರಲಿ, ಯಾವ ಕಾಲಂ ಯಾಕೆ ಖಾಲಿ ಎಂಬುದು ಅವರಿಗೇ ಗೊತ್ತು. ವರ್ಷಕ್ಕೊಮ್ಮೆ ಮಾತ್ರ ಓಡುವ ಪ್ರೋಗ್ರಾಂಗಳು ಎಲ್ಲ ಕಡೆ ಇರುತ್ತವೆ. ಮಾರ್ಚ್ 31ರ ಲೆಕ್ಕ ಹೊಸದರಲ್ಲಿ ಮುಗಿಯುವವರೆಗೆ ಹಳೆಯ ಸರ್ವರ್ ಆಫ್ ಮಾಡಿಸಬೇಡಿ.

ಇತಿ,
ಒಬ್ಬ ಡೇಟಾಬೇಸ್ ನೌಕರ