ತಪ್ಪು–ಒಪ್ಪುಗಳ ಪಟ್ಟಿ: ಸ್ಟ್ಯಾನ್ಲಿ ಕಪ್ಪಿನೊಡನೆ ಒಂದು ಸಂದರ್ಶನ

ಟೊರಾಂಟೋ ಪಟ್ಟಣದಲ್ಲಿ ಯಂಗ್ ಬೀದಿಯೂ ಫ್ರಂಟ್ ಬೀದಿಯೂ ಕೂಡುವ ಮೂಲೆಯಲ್ಲಿ, 1885ರಲ್ಲಿ ಬ್ಯಾಂಕೊಂದರ ಸಲುವಾಗಿ ನಿರ್ಮಿತವಾಗಿ, ಈಗ ಹಾಕಿ ಆಟದ ಕೀರ್ತಿಮಂದಿರವಾಗಿ ಪರಿಣಮಿಸಿರುವ ಕಲ್ಲುಕಟ್ಟಡವೊಂದುಂಟು. ಮಗಳ ಮನೆಯಲ್ಲಿ ಮೊಮ್ಮಗನನ್ನು ಸಂಭಾಳಿಸುವ ಗೌರವೋದ್ಯೋಗದ ಮೇಲೆ ಆ ಊರಿಗೆ ಹೋಗಿದ್ದ ನಾನು, ಹಾಕಿಯೆಂಬುದು ಹುಲ್ಲಿನ ಮೇಲೆ ಆಡತಕ್ಕದ್ದೆಂದೇ ತಿಳಿದು ಬೆಳೆದವನಾದುದರಿಂದ, ಕಾಲಿಗೆ ಹರಿತವಾದ ಅಲಗುಗಳನ್ನು ಕಟ್ಟಿಕೊಂಡು ಮಂಜುಗಡ್ಡೆಯ ಮೇಲೆ ಪರಸ್ಪರ ಹಲ್ಲುದುರಿಸಿಕೊಳ್ಳುವ ಈ ವೃತ್ತಿಯಲ್ಲಿ ಕುತೂಹಲವನ್ನಾಗಲಿ ಗೌರವವನ್ನಾಗಲಿ ತಾಳಿದವನಲ್ಲ. ಆದರೆ 2025ರ ಜೂನಿನಲ್ಲಿ ಫ್ಲಾರಿಡಾದ ವಿಜೇತರು ಸಂಭ್ರಮದ ಭರದಲ್ಲಿ ಈ ಆಟದ ಪರಮಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ಪಿನ ಬಟ್ಟಲನ್ನು ಬಿರಿಯಿಸಿ, ಬುಡವನ್ನು ನೆಗ್ಗಿಸಿಟ್ಟ ಪ್ರಕರಣವನ್ನು ಎಲ್ಲರಂತೆ ನಾನೂ ಪತ್ರಿಕೆಗಳಲ್ಲಿ ಓದಿದ್ದೆನಷ್ಟೆ. ಅದನ್ನಿಲ್ಲಿ ವಿಸ್ತರಿಸುವುದು ಅನಾವಶ್ಯಕ.

ಮೊಮ್ಮಗನ ಹಟಕ್ಕೆ ಸೋತು ಅಲ್ಲಿಗೆ ಹೋದಾಗ, ಬಣ್ಣಗಾಜಿನ ಗುಮ್ಮಟದ ಕೆಳಗೆ, ದುರಸ್ತಿಯಾಗಿ ಬಂದ ಆ ಮಹಾಪಾತ್ರೆ ನಿಂತಿತ್ತು: ಸುಮಾರು ಮೂರಡಿ ಎತ್ತರ, ಹದಿನೈದೂವರೆ ಕಿಲೋ ತೂಕ, ಮೈಯೆಲ್ಲ ಹೆಸರು. ಏಳು ವರ್ಷದ ಹುಡುಗ ಎರಡು ಕೈಗಳನ್ನೂ ಜೇಬಿನಲ್ಲಿ ತುರುಕಿಕೊಂಡು ದೂರವೇ ನಿಂತನು. ಕಾರಣ ಕೇಳಿದರೆ, ಮುಂದೆ ಈ ಕಪ್ಪನ್ನು ಗೆಲ್ಲಬೇಕೆಂದಿರುವವನು ಗೆಲ್ಲುವುದಕ್ಕೆ ಮೊದಲು ಅದನ್ನು ಮುಟ್ಟಕೂಡದಂತೆ! ನಮ್ಮ ಮನೆಯ ಮಡಿಯನ್ನು ಮೂರು ತಲೆಮಾರಿನ ಹಿಂದೆಯೇ ಬಿಟ್ಟೆವೆಂದುಕೊಂಡಿದ್ದ ನನಗೆ ಅದು ಸಮುದ್ರೋಲ್ಲಂಘನ ಮಾಡಿ ಇಲ್ಲಿ ನೆಲಸಿರುವುದು ತಿಳಿದಿರಲಿಲ್ಲ. ಬಿಳಿಯ ಕೈಗವಸು ತೊಟ್ಟ ಕಾವಲುಗಾರನು ಅವನನ್ನು ಅತ್ತ ಕರೆದುಕೊಂಡು ಹೋದ ಸಮಯವನ್ನು ನೋಡಿ, ನಾನು ಟಿಪ್ಪಣಿಪುಸ್ತಕವನ್ನು ತೆಗೆದೆ.

ನಾನು: ಗಾಯ ಮಾಯಿತೇ?

ಕಪ್: ಇದೊಂದೇ ಗಾಯವೇ, ಸ್ವಾಮಿ? ನನ್ನನ್ನು 1892ರಲ್ಲಿ ಲಂಡನ್ನಿನಲ್ಲಿ ಹತ್ತು ಗಿನಿ ಕೊಟ್ಟು ಕೊಳ್ಳಲಾಯಿತು. ಕೊಡಿಸಿದ ಪುಣ್ಯಾತ್ಮರು ಕೆನಡಾದ ಗವರ್ನರ್ ಜನರಲ್ ಸ್ಟ್ಯಾನ್ಲಿ ಪ್ರಭುಗಳು. ಮರುವರ್ಷವೇ ತಮ್ಮ ದೇಶಕ್ಕೆ ಹಿಂದಿರುಗಿದರು. ನನಗಾಗಿ ನಡೆದ ಒಂದೇ ಒಂದು ಪಂದ್ಯವನ್ನು ಕಣ್ಣಾರೆ ಕಾಣಲಿಲ್ಲ. ಹುಟ್ಟಿಸಿದವರೇ ಹೀಗೆ ಬಿಟ್ಟುಹೋದ ಮೇಲೆ ಮಿಕ್ಕವರನ್ನು ಏನೆನ್ನಲಿ?

ನಾನು: ಅವರಿಗಿಂತ ಹಿಂದೆ ಆ ಪದವಿಯಲ್ಲಿದ್ದ ಲ್ಯಾನ್ಸ್‌ಡೌನ್ ಪ್ರಭುಗಳೇ ಅಲ್ಲವೆ ಇಲ್ಲಿಂದ ನಮ್ಮಲ್ಲಿಗೆ ವೈಸರಾಯರಾಗಿ ಬಂದವರು! ಮೈಸೂರಿನಲ್ಲಿ ಅವರ ಹೆಸರಿನ ಕಟ್ಟಡದ ಸಾಲಂಗಡಿಯಲ್ಲಿ ನಾನು ಎಷ್ಟೋ ಹಳೆಯ ಪುಸ್ತಕಗಳನ್ನು ಕೊಂಡಿದ್ದೇನೆ. ಪುಸ್ತಕವೆಂದಾಗ ಜ್ಞಾಪಕಕ್ಕೆ ಬಂತು: 1972ರಲ್ಲಿ ಗೆದ್ದ ಬಾಸ್ಟನ್ ತಂಡದ ಹೆಸರನ್ನು ತಮ್ಮ ಮೈಮೇಲೆ ಕೆತ್ತುವಾಗ ‘ಓ’ ಇರಬೇಕಾದ ಎರಡೂ ಕಡೆ ‘ಕ್ಯೂ’ ಬಿದ್ದಿದೆಯೆಂಬುದು ದಿಟವೇ?

ಕಪ್: ಪಾತ್ರೆಯ ಪಾಡನ್ನು ಹೇಳುತ್ತಿದ್ದೆ. 1905ರಲ್ಲಿ ಒಟ್ಟಾವಾ ತಂಡದವರು ಕುಡಿದ ಅಮಲಿನಲ್ಲಿ ನನ್ನನ್ನು ರೀಡೋ ಕಾಲುವೆಗೆ ಒದ್ದರೆಂಬ ಕಥೆಯನ್ನು ಈ ಊರಿನ ಮಕ್ಕಳೂ ಹೇಳುತ್ತಾರೆ. 1924ರಲ್ಲಿ ಮಾಂಟ್ರಿಯಲ್ಲಿನವರು ಮೋಟಾರಿನ ಚಕ್ರಕ್ಕೆ ತೂತಾದಾಗ ನನ್ನನ್ನು ದಾರಿಯ ಬದಿಯ ಹಿಮದಲ್ಲಿಳಿಸಿ, ಚಕ್ರವನ್ನು ಬದಲಾಯಿಸಿ, ನನ್ನನ್ನು ಮಾತ್ರ ಮರೆತು, ಔತಣಕ್ಕೆ ತೆರಳಿದರು. 1964ರಲ್ಲಿ ರೆಡ್ ಕೆಲ್ಲಿಯೆಂಬ ಮಹನೀಯನು ಭಾವಚಿತ್ರಕ್ಕಾಗಿ ತನ್ನ ಹಸುಗೂಸನ್ನು ನನ್ನೊಳಗೆ ಕೂರಿಸಿದನು. ಶಿಶುವು ತನ್ನ ಧರ್ಮವನ್ನು ಪಾಲಿಸಿತು. 1996ರಲ್ಲಿ ಮಾತ್ರ ಒಬ್ಬಾತನು ತನ್ನ ಮಗಳಿಗೆ ನನ್ನಲ್ಲೇ ದೀಕ್ಷಾಸ್ನಾನ ಮಾಡಿಸಿದ. ನನ್ನ ಜನ್ಮಕ್ಕೆ ಅದೊಂದು ಪರಿಹಾರ. ಉಳಿದ ದಿನಗಳಲ್ಲೆಲ್ಲ ಬೀರು, ಐಸ್‌ಕ್ರೀಮು, ನಾಯಿಯ ಊಟ. ನಿಮ್ಮ ಕಡೆ ದೇವರ ಪಾತ್ರೆಯನ್ನು ಹೀಗೆ ನಡೆಸಿಕೊಳ್ಳುತ್ತೀರಾ?

ನಾನು: ನಡೆಸಿಕೊಳ್ಳುವುದಿಲ್ಲ; ಕದಿಯುತ್ತೇವೆ. 1993ರ ತರುವಾಯ ಕೆನಡಾದ ತಂಡವೊಂದೂ ತಮ್ಮನ್ನು ಗೆಲ್ಲದೆ, ತಾವು ಹುಟ್ಟಿದ ಆಟದ ತವರಿಗೇ ತಾವು ಅತಿಥಿಯಾಗಿ ಬರುವಂತಾಗಿರುವುದರ ಬಗ್ಗೆ ತಮ್ಮ ಅಭಿಪ್ರಾಯ?

ಕಪ್: ನಾಯಿಯ ಊಟವೆಂದೆನಲ್ಲ, ಅದನ್ನು ತೊಳೆಯುವವರಾದರೂ ನೆಟ್ಟಗೆ ತೊಳೆಯುತ್ತಾರೆಯೇ?

ನಾನು: ಹಾಗಾದರೆ ಅಕ್ಷರಗಳಿಗೇ ಬರೋಣ. 1963ರಲ್ಲಿ ಟೊರಾಂಟೋದವರ ಹೆಸರಿನ ‘ಎಫ್’ ‘ಇ’ ಆಯಿತು. 1981ರಲ್ಲಿ ನ್ಯೂಯಾರ್ಕಿನ ದ್ವೀಪವಾಸಿಗಳು ‘ಎಸ್’ ಒಂದನ್ನು ಕಳೆದುಕೊಂಡರು. ಸತತ ಐದು ವರ್ಷ ಗೆದ್ದ ಗೋಲುರಕ್ಷಕ ಜಾಕ್ ಪ್ಲಾಂಟ್‌ನ ಹೆಸರನ್ನು ವರ್ಷಕ್ಕೊಂದು ಬಗೆಯಲ್ಲಿ ಕೆತ್ತಿದ್ದಾರೆ. ಕರಡಚ್ಚು ತಿದ್ದುವ ಒಬ್ಬ ಬಡಪಾಯಿಯನ್ನಾದರೂ ಈ ಶ್ರೀಮಂತರು ನೇಮಿಸಿಕೊಳ್ಳಬಾರದಾಗಿತ್ತೇ? ಮೂವತ್ತು ವರ್ಷ ಆ ಕೆಲಸ ಮಾಡಿದವನು ನಾನು. ಒಮ್ಮೆ ಸಾಹಿತ್ಯಸಭೆಯೊಂದರ ಆಹ್ವಾನಪತ್ರಿಕೆಯಲ್ಲಿ ನನ್ನನ್ನು ‘ಹಿರಿಯ ವಿಮರ್ಶಕರು’ ಎನ್ನುವುದಕ್ಕೆ ಬದಲಾಗಿ ‘ಹಿರಿಯ ವಿಮರ್ದಕರು’ ಎಂದು ಅಚ್ಚು ಹಾಕಿಸಿದ್ದರು. ಸಭೆಗೆ ಬಂದಿದ್ದ ಕವಿಗಳೆಲ್ಲ ಅದು ತಪ್ಪೇ ಅಲ್ಲವೆಂದು ವಾದಿಸಿದರೆಂಬುದು ಬೇರೆ ಮಾತು. ಒಂದಕ್ಷರಕ್ಕೆ ಮನುಷ್ಯನ ಆಯುಷ್ಯದ ದುಡಿಮೆಯನ್ನು ಕೆಡಿಸುವ ಶಕ್ತಿಯುಂಟು, ಮಹಾಶಯರೆ.

ಕಪ್: ಒಂದಕ್ಷರ ತಪ್ಪಾಗಿಯಾದರೂ ಬೀಳಲೆಂದು ಹಂಬಲಿಸಿ ಸತ್ತವರನ್ನು ನೀವು ಕಂಡಿಲ್ಲ. ನಸುಕಿನಲ್ಲಿ ಐದು ಗಂಟೆಗೆ ತಾಯಂದಿರು ಮಕ್ಕಳನ್ನು ಎಬ್ಬಿಸಿ, ಚೀಲ ಹೊರಿಸಿ, ಮಂಜಿನಂಕಣಕ್ಕೆ ಕರೆತರುತ್ತಾರೆ. ಹದಿನೆಂಟು ತುಂಬಿದೊಡನೆ ತಂಡಗಳವರು ಸರದಿಯ ಪ್ರಕಾರ ಹುಡುಗರನ್ನು ಆರಿಸಿಕೊಳ್ಳುತ್ತಾರೆ. ಆಮೇಲೆ ಕಿರಿಯ ತಂಡಗಳ ಬಸ್ಸುಗಳು, ಮುರಿದ ದವಡೆ, ಮಧ್ಯಾಹ್ನ ಮಲಗಿ ಏಳುವಷ್ಟರಲ್ಲಿ ಇನ್ನೊಂದೂರಿಗೆ ವಿನಿಮಯವಾಗಿ ಹೋಗಿರುವ ಬಾಳು. ನನ್ನ ಮೇಲೆ ಹೆಸರು ಬರಬೇಕಾದರೆ ಗೆದ್ದ ತಂಡದಲ್ಲಿ ಆ ಸಾಲಿನ 82 ಪಂದ್ಯಗಳ ಪೈಕಿ 41ನ್ನಾದರೂ ಆಡಿರಬೇಕು, ಇಲ್ಲವೆ ಅಂತಿಮ ಸರಣಿಯ ಒಂದರಲ್ಲಾದರೂ ಇಳಿದಿರಬೇಕು. ಮಾರ್ಸೆಲ್ ಡಿಯೋನ್ 1,348 ಪಂದ್ಯಗಳನ್ನಾಡಿ 731 ಗೋಲು ಹೊಡೆದನು; ನನ್ನ ಮೇಲೆ ಹುಡುಕಿರಿ, ಅವನಿಲ್ಲ. ರೇ ಬೋರ್ಕ್ ಬಾಸ್ಟನ್ನಿನಲ್ಲೇ ಮುದುಕನಾಗಿ, ಕಡೆಗೆ ಕೊಲೊರಾಡೊಗೆ ಹೋಗಿ, 2001ರ ಜೂನ್ 9ರಂದು, ತನ್ನ ಇಪ್ಪತ್ತೆರಡನೆಯ ಸಾಲಿನ ಕಟ್ಟಕಡೆಯ ಪಂದ್ಯದಲ್ಲಿ ನನ್ನನ್ನು ಮುಟ್ಟಿದನು. ಮೊದಲು ಎತ್ತುವ ಹಕ್ಕು ನಾಯಕನದು. ಆ ನಾಯಕ ಸಾಕಿಕ್ ತಾನು ಎತ್ತದೆಯೇ ನನ್ನನ್ನು ಅವನ ಕೈಗಿತ್ತನು. ಆ ಎರಡು ಕೈಗಳು ನಡುಗಿದ್ದನ್ನು ನಾನು ಬಲ್ಲೆ.

ನಾನು: ಅಲ್ಲಿಗೆ ಹೆಸರು ಶಾಶ್ವತವಾಯಿತಷ್ಟೆ.

ಕಪ್: ಶಾಶ್ವತವೆಂದು ಯಾರು ಹೇಳಿದರು? ಒಂದು ಪಟ್ಟಿಯ ಮೇಲೆ ಹದಿಮೂರು ವರ್ಷದ ವಿಜೇತರು ಹಿಡಿಯುತ್ತಾರೆ. ಕೆಳಗಿನದು ತುಂಬಿದಾಗ ಮೇಲಿನದನ್ನು ಬಿಚ್ಚಿ, ಹಳೆಯ ಬ್ಯಾಂಕಿನ ತಿಜೋರಿಯಲ್ಲಿಡುತ್ತಾರೆ. 2018ರಲ್ಲಿ ಗಾರ್ಡಿ ಹೌ, ಮಾರಿಸ್ ರಿಶಾರ್ ಮೊದಲಾದ ಮಹಾರಥರಿದ್ದ ಪಟ್ಟಿಯೇ ಒಳಗೆ ಹೋಯಿತು. ನಿಮ್ಮ ಪುಸ್ತಕಗಳು ಅದಕ್ಕಿಂತ ಹೆಚ್ಚು ಕಾಲ ಅಂಗಡಿಯಲ್ಲಿರುತ್ತವೆಯೇ?

ನಾನು: ಆ ಪ್ರಶ್ನೆಯನ್ನು ಬರೆದುಕೊಳ್ಳುವುದಿಲ್ಲ. ಕಡೆಯದಾಗಿ ಒಂದು ಶಾಸ್ತ್ರೀಯ ಸಂದೇಹ. 1984ರಲ್ಲಿ ಎಡ್ಮಂಟನ್ ತಂಡದ ಒಡೆಯನು ಆಟಕ್ಕೆ ಸಂಬಂಧವೇ ಇಲ್ಲದ ತನ್ನ ತಂದೆಯ ಹೆಸರನ್ನು ಸೇರಿಸಿ, ಬಳಿಕ ಅದನ್ನು ‘ಎಕ್ಸ್’ಗಳ ಸಾಲಿನಿಂದ ಹೊಡೆದುಹಾಕಲಾಯಿತೆಂದು ಬಲ್ಲೆ, ಪಿತೃಭಕ್ತಿಯ ಮುದ್ರಣದೋಷವೆಂದು ಅದನ್ನು ಕ್ಷಮಿಸಬಹುದು. ಆದರೆ 2010ರ ಶಿಕಾಗೋ ತಂಡದ ಪಟ್ಟಿಯಲ್ಲಿಯೂ ಅಂಥದೊಂದು ಸಾಲಿದೆಯಲ್ಲ, ಅಲ್ಲಿ ಯಾವ ಅಕ್ಷರ ತಪ್ಪಿತ್ತು?

(ಪಾತ್ರೆ ಬಹಳ ಹೊತ್ತು ಸುಮ್ಮನಿತ್ತು.)

ಕಪ್: ಅಕ್ಷರ ಒಂದೂ ತಪ್ಪಿರಲಿಲ್ಲ. ಸ್ಪಷ್ಟವಾಗಿ, ಒಪ್ಪವಾಗಿ ಕೆತ್ತಿದ್ದರು. ಅವನು ಆ ತಂಡದ ವಿಡಿಯೋ ತರಬೇತುದಾರ. ಅವನ ಹೆಸರನ್ನು ನನ್ನ ಬಾಯಿಂದ ಹೇಳಲಾರೆ. ಅದೇ ತಂಡದ ಇಪ್ಪತ್ತು ವರ್ಷದ ಹುಡುಗನೊಬ್ಬನು ಅವನ ಮೇಲೆ ಲೈಂಗಿಕ ದೌರ್ಜನ್ಯದ ದೂರು ಹೇಳಿದ್ದನು. ಮೇ 23ರಂದು, ತಂಡವು ಅಂತಿಮ ಸರಣಿಗೆ ಏರಿದ ದಿನವೇ, ದೊಡ್ಡವರು ಕೋಣೆಯೊಂದರಲ್ಲಿ ಸೇರಿ ಅದನ್ನು ಚರ್ಚಿಸಿದರೆಂದೂ, ಮೂರು ವಾರ ಏನನ್ನೂ ಮಾಡಲಿಲ್ಲವೆಂದೂ ತಂಡದವರೇ ನೇಮಿಸಿದ ವಿಚಾರಣೆ 2021ರಲ್ಲಿ ತಿಳಿಸಿತು. ಏತಕ್ಕಾಗಿ ಕಾದರು? ನನಗಾಗಿ. ನಾನು ಕೈಗೆ ಬರುವ ತನಕ ಸಂಭ್ರಮಕ್ಕೆ ಭಂಗ ಬರಬಾರದಾಗಿತ್ತು. ನಾನು ಬಂದೆ. ಅವನು ನನ್ನನ್ನು ಎತ್ತಿದನು. ಎಲ್ಲರಂತೆ ಅವನಿಗೂ ನನ್ನೊಡನೆ ಒಂದು ದಿನವನ್ನು ಕೊಟ್ಟರು. ಮದ್ಯವನ್ನು ತೊಳೆಯಬಹುದು, ಸ್ವಾಮಿ. ಮುಂದೆ ಅವನು ಮಿಷಿಗನ್ನಿನಲ್ಲಿ ಶಾಲೆಯ ಹುಡುಗನೊಬ್ಬನ ವಿಷಯದಲ್ಲಿ ಅಪರಾಧಿಯೆಂದು ತೀರ್ಮಾನವಾಯಿತು. ಆ ಮೂರು ವಾರ ಬಾಯಿ ತೆರೆದಿದ್ದರೆ?

ನಾನು: ಶಿಕ್ಷೆ?

ಕಪ್: ತಂಡಕ್ಕೆ ಇಪ್ಪತ್ತು ಲಕ್ಷ ಡಾಲರ್ ದಂಡ. 2010ರಲ್ಲಿಯೇ ಇನ್ನೊಂದು ತಂಡವು ಆಟಗಾರನೊಬ್ಬನ ಸಂಬಳದ ಕರಾರಿನಲ್ಲಿ ಲೆಕ್ಕದ ಚಮತ್ಕಾರ ಮಾಡಿತೆಂದು ವಿಧಿಸಿದ ದಂಡ ಮೂವತ್ತು ಲಕ್ಷ. ಕೂಡಿ ಕಳೆದು ನೋಡಿರಿ.

ನಾನು ಕೂಡಿ ಕಳೆಯಲಿಲ್ಲ. ಹಳೆಯ ಪುಸ್ತಕಗಳ ಕೊನೆಯ ಹಾಳೆಯಲ್ಲಿ ತಪ್ಪು–ಒಪ್ಪುಗಳ ಪಟ್ಟಿಯೊಂದಿರುತ್ತಿತ್ತು. ಎಡದ ಅಂಕಣದಲ್ಲಿ ಬಿದ್ದ ತಪ್ಪು, ಬಲದಲ್ಲಿ ಇರಬೇಕಾಗಿದ್ದ ಒಪ್ಪು. ತಪ್ಪನ್ನು ಹೊಡೆದುಹಾಕಿ ಬಲದ ಅಂಕಣವನ್ನು ಖಾಲಿ ಬಿಟ್ಟ ಪಟ್ಟಿಯನ್ನು ಮೂವತ್ತು ವರ್ಷದಲ್ಲಿ ನಾನೊಮ್ಮೆಯೂ ಅಚ್ಚಿಗೆ ಕಳುಹಿಸಿರಲಿಲ್ಲ.

ನಾನು: ಆ ಹುಡುಗನ ಹೆಸರೇನು?

ಕಪ್: ಹನ್ನೊಂದು ವರ್ಷ ಅವನಿಗೆ ಹೆಸರಿರಲಿಲ್ಲ. ನ್ಯಾಯಾಲಯದ ಕಾಗದಗಳಲ್ಲಿ ಅವನು ಅನಾಮಧೇಯ. 2021ರ ಅಕ್ಟೋಬರಿನಲ್ಲಿ ತಾನಾಗಿಯೇ ದೂರದರ್ಶನದ ಕ್ಯಾಮೆರಾದ ಮುಂದೆ ಕುಳಿತು, ಅದು ನಾನೇ ಎಂದನು. 2008ರ ಆಯ್ಕೆಯಲ್ಲಿ ಹನ್ನೊಂದನೆಯವನಾಗಿ ಬಂದವನು. ನನಗಾಗಿ ಸೆಣಸುವ ಹಿರಿಯ ಲೀಗಿನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಆಸ್ಟ್ರಿಯಾ, ಜರ್ಮನಿಯೆಂದು ಪರದೇಶಗಳಲ್ಲಿ ಆಡಿದನು. ಕೈಲ್ ಬೀಚ್. ಬರೆದುಕೊಂಡಿರಾ? ಇಲ್ಲಿ ತೋರಿಸಿ.

ಪುಸ್ತಕವನ್ನು ಎತ್ತಿ ಹಿಡಿದೆ. ಕಕಾರಕ್ಕೆ ಐತ್ವ, ಬಕಾರಕ್ಕೆ ದೀರ್ಘ, ಸರಿಯಾಗಿತ್ತು.

ಅಷ್ಟರಲ್ಲಿ ಕಾವಲುಗಾರನೊಡನೆ ಮೊಮ್ಮಗ ಹಿಂದಿರುಗಿದನು. ಹುಡುಗರ ಕಣ್ಣು ಬಹು ಚುರುಕು. ಕೈಗಳನ್ನು ಜೇಬಿನಿಂದ ತೆಗೆಯದೆಯೇ ಬಗ್ಗಿ, ಆ ‘ಎಕ್ಸ್’ಗಳ ಸಾಲನ್ನು ಕಂಡುಹಿಡಿದು, ನನ್ನ ಸಹವಾಸದಲ್ಲಿ ಕಲಿತ ವಿದ್ಯೆಯನ್ನು ಪ್ರಯೋಗಿಸಿದನು:

“ತಾತ, ಇದು ಅಚ್ಚಿನ ತಪ್ಪಾ?”

“ಅಲ್ಲ ಮಗು” ಎಂದೆ.

ಮುಂದಿನ ಪ್ರಶ್ನೆಗಾಗಿ ಅವನು ಮುಖವನ್ನೆತ್ತಿ ನನ್ನನ್ನೇ ನೋಡುತ್ತಿದ್ದನು. ನಾಳೆ ಬೆಳಿಗ್ಗೆ ಐದಕ್ಕೆ ಅವನಿಗೆ ಅಭ್ಯಾಸವಿತ್ತು. ಅವನನ್ನು ಅಂಕಣಕ್ಕೆ ಬಿಟ್ಟು ಮನೆಗೆ ಬಂದು ಕಾಫಿ ಕುಡಿಯುವುದು ಈ ಮೂರು ತಿಂಗಳ ನನ್ನ ಪರಿಪಾಠ. ನಾಳೆ ಅಲ್ಲಿಯೇ ಬೆಂಚಿನ ಮೇಲೆ ಕುಳಿತು, ಈ ಲೇಖನದ ಕರಡನ್ನು ತಿದ್ದಬೇಕೆಂದು ನಿಶ್ಚಯಿಸಿದೆ.