ಕಾಕಾನ ಕಿಸೆಯ ಟಂಕಸಾಲೆ

ಸುರಪುರದ ನಮ್ಮ ಕಾಕಾ ಮೊನ್ನೆ ಕರವಸ್ತ್ರದ ಗಂಟು ಬಿಚ್ಚಿದರು. ಒಳಗೆ ಮೂರು ನಾಣ್ಯ.

"ತಮ್ಮಾ, ಮೂರೂ ಟಂಕಸಾಲ್ಯಾಗ ತಪ್ಪಾಗಿ ಬಂದಾವ. ಒಂದೊಂದಕ್ಕ ಲಕ್ಷ ಅಂತ ಮೊಬೈಲ್‌ನ್ಯಾಗ ತೋರಸ್ಯಾರ. ನನ್ನ ಸಾಲ ತೀರಿತು ಅಂತ ತಿಳಿ."

ಒಲೆ ಮುಂದಿನಿಂದ ಕಾಕು ಕೂಗಿದರು: "ನಿಮ್ಮನ್ನ ಮಾಡುವಾಗ ಆದ ತಪ್ಪಿಗೆ ಎಷ್ಟು ಕೊಡ್ತಾರ, ಅದನ್ನೂ ಕೇಳ್ರಿ."

ಮೊದಲನೆಯದು ಯಾದಗಿರಿಯಲ್ಲಿ ಸಿಕ್ಕ ಒಂದು ರೂಪಾಯಿ. ಹಪ್ಪಳದ ಹಾಗೆ ಹರಡಿಕೊಂಡಿತ್ತು. ಅಚ್ಚು ಒತ್ತುವಾಗ ಬಿಲ್ಲೆಯ ಸುತ್ತ ಒಂದು ಉಕ್ಕಿನ ಬಳೆ ಇರುತ್ತದೆ. ಅದು ತಪ್ಪಿದರೆ ಬಿಲ್ಲೆ ಹಿಗ್ಗುವುದೇನೋ ನಿಜ, ಆದರೆ ನಡುವಿನ ಚಿತ್ರ ಚೊಕ್ಕವಾಗಿಯೇ ಇರುತ್ತದೆ. ಇಲ್ಲಿ ಸಿಂಹಗಳ ಮುಖ ಜಗ್ಗಿ ಎಮ್ಮೆಗಳಾಗಿದ್ದವು.

"ಕಾಕಾ, ಇದಕ್ಕ ಅಚ್ಚು ಹಾಕಿದ್ದು ರಾಯಚೂರು ಕಡೆ ಹೋಗೋ ರೈಲು. ಯಾರೋ ಹುಡುಗರು ಹಳಿ ಮ್ಯಾಲ ಇಟ್ಟಿದ್ದು."

ಎರಡನೆಯದು ಶಹಾಪುರದ 5 ರೂಪಾಯಿ. ಸಿಂಹದ ಬದಿಯಲ್ಲಿ ಉಲ್ಟಾ 5. ಟಂಕಸಾಲೆಯಲ್ಲಿ ಹೀಗೂ ಆಗುವುದುಂಟು: ಹೊಡೆದ ನಾಣ್ಯ ಅಚ್ಚಿಗೇ ಅಂಟಿಕೊಂಡರೆ, ಮುಂದಿನ ಬಿಲ್ಲೆಯ ಮೇಲೆ ಅದರ ಚಿತ್ರ ತಗ್ಗಾಗಿ, ಕನ್ನಡಿಯೊಳಗಿನಂತೆ ತಿರುಗಿ ಬೀಳುತ್ತದೆ. ಆದರೆ ಆ ಬದಿಗೆ ಬೇರೆ ಚಿತ್ರ ಇರುವುದಿಲ್ಲ. ಇಲ್ಲಿಯೋ ಉಲ್ಟಾ 5ರ ಅಡಿಯಿಂದ ನಜ್ಜುಗುಜ್ಜಾದ ಸಿಂಹ ಇಣುಕುತ್ತಿತ್ತು. ಎರಡು ನಾಣ್ಯ ಕೂಡಿಸಿ ವೈಸಿನಲ್ಲಿ ಬಿಗಿದ ಕರಾಮತ್ತು!

"ಹಂಗಾರ ಇಸವಿ ಕೆಳಗ ಚುಕ್ಕಿ ಯಾಕದ?"

"ಅದು ಹೈದರಾಬಾದ್ ಟಂಕಸಾಲಿ ಗುರುತು. ಮುಂಬೈದು ವಜ್ರ, ನೋಯ್ಡಾದ್ದು ಬೊಟ್ಟು, ಕೋಲ್ಕತ್ತಾದ್ದು ಹಣಿ ಖಾಲಿ."

ಕಾಕಾ ಮೂರನೆಯದನ್ನು ಮೆಲ್ಲಗೆ ಮುಂದೆ ಸರಿಸಿದರು. ನಿಜಾಮರ ಬೆಳ್ಳಿಯ ಹಾಲಿ ಸಿಕ್ಕಾ. ಸುರಪುರ ಸೀಮೆ 1860ರಲ್ಲಿ ನಿಜಾಮರ ಪಾಲಾಯಿತಲ್ಲ, ಆ ಕಾಲದ್ದು. ಅರ್ಧ ಅಕ್ಷರವೇ ಇಲ್ಲ. ಆಗ ಸುತ್ತಿಗೆಯ ಏಟಿನ ಕೆಲಸ. ಅಚ್ಚು ದೊಡ್ಡದು, ಬಿಲ್ಲೆ ಸಣ್ಣದು. ಬರಹ ಪೂರ್ತಿ ಬಿದ್ದಿದ್ದರೇ ಅಪರೂಪ. ಎಲ್ಲ ನಾಣ್ಯವೂ ಹಾಗೇ ಇದ್ದ ಮೇಲೆ ಅದನ್ನು ತಪ್ಪೆನ್ನುವುದು ಹೇಗೆ?

"ನೆತ್ತಿ ಮ್ಯಾಲಿನ ಗಂಟು?"

"ಅದು ಪತ್ತಾರರು ಕೊಂಡಿ ಬೆಸೆದ ಗುರುತು, ಕಾಕಾ. ಯಾರದೋ ಸರದಾಗಿಂದು."

ಒಲೆ ಮುಂದಿನ ಸದ್ದು ನಿಂತಿತು. ಕಾಕು ಸೌಟು ಹಿಡಿದೇ ಹೊರಗೆ ಬಂದರು. "ಯಾರದೋ ಅಲ್ಲ, ನಮ್ಮವ್ವಂದು! ಟ್ರಂಕಿನಾಗಿಂದು ನಿಮ್ಮ ಕಿಸೇಕ ಹ್ಯಾಂಗ ಬಂತು?"

ಕಾಕಾನ ಪುಣ್ಯಕ್ಕೆ ಆಗಲೇ ಫೋನ್ ಬಂತು. ರಿಸರ್ವ್ ಬ್ಯಾಂಕಿನ ಹೆಸರು ಹೇಳಿದವನೊಬ್ಬ, ನಾಣ್ಯ ಕೊಳ್ಳಲು ಮೊದಲು ಫೀಸು ಕಟ್ಟಬೇಕೆಂದ. ಹಳೆಯ ನಾಣ್ಯದ ವ್ಯವಹಾರ ತಾನು ಮಾಡುವುದಿಲ್ಲ, ಕಮಿಷನ್ನೂ ಕೇಳುವುದಿಲ್ಲ ಎಂದು ಆ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿದೆ. ಕಾಕು ಫೋನನ್ನೂ ಕಿತ್ತುಕೊಂಡರು, ಸಿಕ್ಕಾವನ್ನೂ ಕಿತ್ತುಕೊಂಡರು.

ನಿಮ್ಮ ಕೈಗೂ ಇಂಥದೊಂದು ಸಿಕ್ಕರೆ ಮೊದಲು ತಕ್ಕಡಿಗೆ ಹಾಕಿರಿ. 1992ರಲ್ಲಿ ಬಂದ ಉಕ್ಕಿನ ಒಂದು ರೂಪಾಯಿ 4.85 ಗ್ರಾಂ ತೂಗಬೇಕು. ಅಂಚು ಅರ ಹಿಡಿಸಿಕೊಂಡಿದ್ದರೆ ತೂಕವೇ ಚಾಡಿ ಹೇಳುತ್ತದೆ. ಅದಕ್ಕೂ ಮೊದಲು, ಅದು ಯಾರ ಟ್ರಂಕಿನದೆಂದು ಮನೆಯಲ್ಲಿ ಕೇಳಿಕೊಳ್ಳಿರಿ.