ಇಲ್ಲೂ ಇಪ್ಪತ್ತು, ಅಲ್ಲೂ ಇಪ್ಪತ್ತು

2022ರ ಡಿಸೆಂಬರ್. ಮಿನಿಯಾಪೊಲಿಸ್‌ನ ಶುಕ್ರವಾರದ ರಾತ್ರಿ. ಕಾರಿನ ಗಾಜಿಗೆ ಕಚ್ಚಿಕೊಂಡ ಐಸನ್ನು, ಕಾವಲಿಗೆ ಹಿಡಿದ ದೋಸೆ ಎಬ್ಬಿಸುವವನಂತೆ ಕೆರೆಯುತ್ತಿದ್ದೆ. ಕೈಬೆರಳು ಐದೂ ಇವೆಯೋ ಇಲ್ಲವೋ ಅಂತ ಎಣಿಸಿಕೊಳ್ಳುವಷ್ಟರಲ್ಲಿ ಬೆಂಗಳೂರಿನಿಂದ ಅಮ್ಮನ ಫೋನು. ಅಲ್ಲಿ ಆಗಲೇ ಶನಿವಾರ ಬೆಳಗಾಗಿತ್ತು.

"ಅದೇನೋ ಮಾಂಡೂಸ್ ಚಂಡಮಾರುತ ಅಂತೆ ಕಣೋ, ಮಹಾಬಲಿಪುರದ ಹತ್ತಿರ ಬಂತಂತೆ. ಇಲ್ಲಿ ಸೂರ್ಯನ ಮುಖ ನೋಡಿ ಎಷ್ಟು ದಿನ ಆಯ್ತೋ! ಒಗೆದ ಬಟ್ಟೆಯೆಲ್ಲಾ ಫ್ಯಾನಿನ ಕೆಳಗೆ, ನಿಮ್ಮಪ್ಪ ರಗ್ಗಿನ ಕೆಳಗೆ."

"ಅರಬ್ಬಿಯಲ್ಲಿ ಮಾಂಡೂಸ್ ಅಂದ್ರೆ ನಿಧಿಪೆಟ್ಟಿಗೆ ಅಂತೆ ಅಮ್ಮ" ಎಂದೆ.

"ನಿಧಿ ಎಲ್ಲಿ ಬಂತು, ನೆಗಡಿ ಬಂತು. ಅಲ್ಲಿ ಎಷ್ಟು ಡಿಗ್ರಿ?"

"ಇಪ್ಪತ್ತು."

"ಇಲ್ಲೂ ಇಪ್ಪತ್ತೇ! ಅದಕ್ಕೇ ಇಷ್ಟು ಬೊಬ್ಬೆ ಹೊಡೀತೀಯಾ?"

ನನ್ನದು ಫ್ಯಾರನ್‌ಹೀಟ್, ಅಂದರೆ ನಮ್ಮ ಲೆಕ್ಕದಲ್ಲಿ ಮೈನಸ್ ಏಳು ಅಂತ ವಿವರಿಸಿದೆ. ಅಮ್ಮ ಒಪ್ಪಲಿಲ್ಲ. "ಏನಾದ್ರೂ ಆಗ್ಲಿ, ನಿಮ್ಮನೇಲಿ ಹೀಟರ್ ಇದೆ. ಇಲ್ಲಿ ಒಳಗೂ ಚಳಿ, ಹೊರಗೂ ಚಳಿ. ಮೇಲೆ ಕರೆಂಟೂ ಆಗಾಗ ಹೋಗ್ತಿದೆ."

ಹಿಂದಿನಿಂದ ಅಪ್ಪನ ದನಿ: "ಬೋಂಡಾ ಆರ್ತಿದೆ, ಬೇಗ ಬಾರೇ!"

ಆಹಾ, ಸಂಕಟವೇ! ಹೊರಗೆ ಜಿಟಿಜಿಟಿ ಮಳೆ, ತಲೆಗೆ ಮಂಕಿ ಕ್ಯಾಪು, ತಟ್ಟೆಯಲ್ಲಿ ಬಿಸಿ ಮೆಣಸಿನಕಾಯಿ ಬೋಂಡಾ. ನನ್ನ ಜೇಬಿನಲ್ಲಿದ್ದ ಬಾಳೆಹಣ್ಣು ಕಲ್ಲಾಗಿತ್ತು.

"ಚಂಡಮಾರುತ ಅಂದ್ರೆ ಹುಡುಗಾಟ ಅಲ್ಲಪ್ಪ" ಎಂದು ಅಮ್ಮ ಬಾಯಿ ತುಂಬಿಕೊಂಡೇ ನಿಟ್ಟುಸಿರಿಟ್ಟರು. "ಹುಷಾರಾಗಿರಿ" ಅಂದೆ. ಬೋಂಡಾ ಸುಡಬಹುದಲ್ಲ!